ವಯಸ್ಸು, ಹಾರ್ಮೋನುಗಳು ಮತ್ತು ಸಂತಾನಶಕ್ತಿ: ದಂಪತಿಗಳು ಅರಿತಿರಬೇಕಾದ ವಿಷಯಗಳು

ಪೀಠಿಕೆ

ಬೆಳ್ಳಂದೂರು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಹಾಗೂ ಪೀಣ್ಯ ಪ್ರದೇಶಗಳಲ್ಲಿ ನೆಲೆಸಿರುವ ಬಹುಪಾಲು ಯುವ ದಂಪತಿಗಳು ಉದ್ಯೋಗಕ್ಕಾಗಿ ಬೇರೆ ಬೇರೆ ಜಿಲ್ಲೆಗಳಿಂದ ಬಂದವರು. ವಿದ್ಯಾಭ್ಯಾಸ, ಉದ್ಯೋಗದಲ್ಲಿ ಸ್ಥಿರತೆ, ಸ್ವಂತ ಮನೆ, ಸಾಲದ ಕಂತು ಮುಂತಾದ ಕಾರಣಗಳಿಂದ ವಿವಾಹವೂ ಮೊದಲ ಮಗುವೂ ಹಿಂದಿನ ತಲೆಮಾರಿಗಿಂತ ತಡವಾಗುತ್ತಿವೆ. 2019-20ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7 ಆಗಿತ್ತು. ಮಗು ಯಾವಾಗ ಬೇಕು, ಬೇಕೇ ಬೇಡವೇ ಎಂಬುದು ಆಯಾ ದಂಪತಿಗಳ ಸ್ವಂತ ತೀರ್ಮಾನ. ಆದರೆ ಆ ತೀರ್ಮಾನವನ್ನು ಶರೀರದ ನಿಯಮಗಳನ್ನೂ ಕಾನೂನಿನ ವಯೋಮಿತಿಯನ್ನೂ ತಿಳಿದು ಕೈಗೊಳ್ಳುವುದು ಮತ್ತು ತಿಳಿಯದೆ ಕಾಲ ಕಳೆಯುವುದು ಒಂದೇ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನ ವಯಸ್ಕರಲ್ಲಿ ಸರಿಸುಮಾರು ಆರು ಜನರಲ್ಲಿ ಒಬ್ಬರು ತಮ್ಮ ಜೀವಿತಾವಧಿಯಲ್ಲಿ ಒಮ್ಮೆಯಾದರೂ ಸಂತಾನಹೀನತೆಯನ್ನು ಎದುರಿಸುತ್ತಾರೆ. ಆದ್ದರಿಂದ ಇದು ಅಪರೂಪದ ವಿಷಯವೂ ಅಲ್ಲ, ನಾಚಿಕೆಪಡುವ ವಿಷಯವೂ ಅಲ್ಲ. ನಾಗರಿಕರ ತಿಳಿವಳಿಕೆಗಾಗಿ ಮುಖ್ಯ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಸಂತಾನಹೀನತೆ ಎಂದರೇನು?

ಯಾವುದೇ ಗರ್ಭನಿರೋಧಕ ಬಳಸದೆ ಒಂದು ವರ್ಷ ಕಾಲ ನಿಯಮಿತ ದಾಂಪತ್ಯ ಸಂಪರ್ಕವಿದ್ದೂ ಗರ್ಭ ಧರಿಸದಿದ್ದಲ್ಲಿ ಅದನ್ನು ಸಂತಾನಹೀನತೆ ಎನ್ನಲಾಗುತ್ತದೆ. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮವೂ ಇದೇ ಒಂದು ವರ್ಷದ ಅವಧಿಯನ್ನು ಹೇಳುತ್ತದೆ. ಅದರ ಜೊತೆಗೆ, ಗರ್ಭಧಾರಣೆಗೆ ಅಡ್ಡಿಯಾಗುವ ಕಾಯಿಲೆಯು ವೈದ್ಯಕೀಯವಾಗಿ ದೃಢಪಟ್ಟಿದ್ದರೆ ಅದನ್ನೂ ಪರಿಗಣಿಸುತ್ತದೆ.

ನಮ್ಮ ಸಮಾಜದಲ್ಲಿ "ಬಂಜೆ" ಎಂಬ ಮಾತನ್ನು ಸ್ತ್ರೀಗೆ ಮಾತ್ರ ಅನ್ವಯಿಸುವ ರೂಢಿ ಬೆಳೆದುಬಂದಿದೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಸರಿಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಾರಣವು ತಾನೊಂದೇ ಆಗಿಯೋ ಸ್ತ್ರೀಯ ಕಾರಣದೊಂದಿಗೆ ಸೇರಿಯೋ ಕಂಡುಬರುತ್ತದೆ. ಆದಕಾರಣ ತಪಾಸಣೆಯು ಯಾವಾಗಲೂ ಇಬ್ಬರಿಗೂ ಒಟ್ಟಿಗೆ ಆಗತಕ್ಕದ್ದು.

2. ಸ್ತ್ರೀಯರಲ್ಲಿ ಹಾರ್ಮೋನುಗಳು ಹೇಗೆ ಕೆಲಸ ಮಾಡುತ್ತವೆ?

ಮೆದುಳಿನ ಹೈಪೋಥಲಾಮಸ್ ಎಂಬ ಭಾಗವು ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕಳುಹಿಸುತ್ತದೆ. ಪಿಟ್ಯುಟರಿಯು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಫ್‌ಎಸ್‌ಎಚ್ ಅಂಡಾಶಯದಲ್ಲಿನ ಅಂಡಾಣುಕೋಶಗಳನ್ನು ಬೆಳೆಸುತ್ತದೆ. ಬೆಳೆಯುತ್ತಿರುವ ಕೋಶವು ಈಸ್ಟ್ರೋಜನ್ ಸ್ರವಿಸಿ ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸುತ್ತದೆ. ಈಸ್ಟ್ರೋಜನ್ ಮಟ್ಟ ಸಾಕಷ್ಟು ಏರಿದಾಗ ಎಲ್‌ಎಚ್ ಒಮ್ಮೆಲೇ ಹೆಚ್ಚಿ, ಅಂಡಾಣು ಹೊರಬರುತ್ತದೆ. ಅನಂತರ ಆ ಕೋಶವೇ ಪ್ರೊಜೆಸ್ಟರಾನ್ ಸ್ರವಿಸಿ ಗರ್ಭ ನಿಲ್ಲುವುದಕ್ಕೆ ಒಳಪದರವನ್ನು ಅಣಿಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಹಾರ್ಮೋನುಗಳು ಇಳಿದು ಮುಟ್ಟಾಗುತ್ತದೆ.

ಅಂಡಾಣು ಬಿಡುಗಡೆಯು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ 14 ದಿನ ಮೊದಲು ಆಗುತ್ತದೆ. 28 ದಿನಗಳ ಋತುಚಕ್ರವಿದ್ದವರಲ್ಲಿ ಇದು 14ನೆಯ ದಿನವಾದರೆ, 35 ದಿನಗಳ ಚಕ್ರವಿದ್ದವರಲ್ಲಿ 21ನೆಯ ದಿನದ ಆಸುಪಾಸು. ಅಂಡಾಣು 12ರಿಂದ 24 ಗಂಟೆ ಮಾತ್ರ ಬದುಕಿರುತ್ತದೆ. ವೀರ್ಯಾಣುಗಳು ಸ್ತ್ರೀಯ ಶರೀರದಲ್ಲಿ ಐದು ದಿನಗಳವರೆಗೂ ಉಳಿಯಬಲ್ಲವು. ಆದ್ದರಿಂದ ಅಂಡಾಣು ಬಿಡುಗಡೆಗೆ ಮೊದಲಿನ ಐದು ದಿನ ಮತ್ತು ಬಿಡುಗಡೆಯ ದಿನ, ಒಟ್ಟು ಆರು ದಿನಗಳು ಗರ್ಭಧಾರಣೆಗೆ ಅನುಕೂಲವಾದವು. ಪತಿಪತ್ನಿಯರು ಬೇರೆ ಬೇರೆ ಪಾಳಿಗಳಲ್ಲಿ ದುಡಿಯುವಾಗ ಈ ಆರು ದಿನಗಳು ತಿಂಗಳುಗಟ್ಟಲೆ ತಪ್ಪಿಹೋಗುವುದುಂಟು. ಇದನ್ನೇ ಕಾಯಿಲೆ ಎಂದು ಭಾವಿಸಬೇಕಾಗಿಲ್ಲ.

3. ಸ್ತ್ರೀಯರಲ್ಲಿ ವಯಸ್ಸಿನ ಪರಿಣಾಮ

ಸ್ತ್ರೀಯ ಅಂಡಾಣುಗಳೆಲ್ಲವೂ ಆಕೆ ತಾಯಿಯ ಗರ್ಭದಲ್ಲಿದ್ದಾಗಲೇ ಉಂಟಾಗಿರುತ್ತವೆ. ಜನನದ ನಂತರ ಹೊಸ ಅಂಡಾಣುಗಳು ಉತ್ಪತ್ತಿಯಾಗುವುದಿಲ್ಲ. ಅವುಗಳ ಸಂಖ್ಯೆ ಸ್ಥೂಲವಾಗಿ ಈ ಕೆಳಗಿನಂತಿರುತ್ತದೆ:

- ಐದು ತಿಂಗಳ ಭ್ರೂಣದಲ್ಲಿ: 60ರಿಂದ 70 ಲಕ್ಷ
- ಜನನದ ವೇಳೆಗೆ: 10ರಿಂದ 20 ಲಕ್ಷ
- ಮೈನೆರೆಯುವ ವೇಳೆಗೆ: 3ರಿಂದ 5 ಲಕ್ಷ
- ಮುಟ್ಟು ನಿಲ್ಲುವ ವೇಳೆಗೆ: ಸುಮಾರು ಒಂದು ಸಾವಿರ

ಇವುಗಳಲ್ಲಿ ಜೀವಮಾನದಲ್ಲಿ ಬಿಡುಗಡೆಯಾಗುವವು 400ರಿಂದ 500 ಮಾತ್ರ. ಉಳಿದವು ಗರ್ಭಿಣಿಯಾಗಿರಲಿ, ಮಾತ್ರೆ ಸೇವಿಸುತ್ತಿರಲಿ, ಆರೋಗ್ಯವಾಗಿರಲಿ, ತಾವಾಗಿಯೇ ಕ್ಷೀಣಿಸುತ್ತವೆ. ಗರ್ಭನಿರೋಧಕ ಮಾತ್ರೆಯಿಂದ ಅಂಡಾಣುಗಳು ಉಳಿತಾಯವಾಗುತ್ತವೆ ಎಂಬುದೂ, ಅವು ಬೇಗ ಮುಗಿದುಹೋಗುತ್ತವೆ ಎಂಬುದೂ ಎರಡೂ ತಪ್ಪು ಕಲ್ಪನೆಗಳು.

ಸಂಖ್ಯೆಗಿಂತಲೂ ಮುಖ್ಯವಾದುದು ಗುಣಮಟ್ಟ. ಅಂಡಾಣುವಿನ ವಯಸ್ಸು ಸ್ತ್ರೀಯ ವಯಸ್ಸಿನಷ್ಟೇ ಆಗಿರುತ್ತದೆ. ವಯಸ್ಸು ಹೆಚ್ಚಿದಂತೆ ಅಂಡಾಣು ಪಕ್ವವಾಗುವಾಗ ವರ್ಣತಂತುಗಳು ಸರಿಯಾಗಿ ಹಂಚಿಕೆಯಾಗದಿರುವ ಸಂಭವ ಹೆಚ್ಚುತ್ತದೆ. ಇದರಿಂದ ಗರ್ಭ ನಿಲ್ಲದಿರುವುದು, ಗರ್ಭಪಾತ ಮತ್ತು ಡೌನ್ ಸಿಂಡ್ರೋಮ್‌ನಂತಹ ಸ್ಥಿತಿಗಳು ಹೆಚ್ಚಾಗುತ್ತವೆ. ಡೌನ್ ಸಿಂಡ್ರೋಮ್ ಇರುವ ಮಗು ಜನಿಸುವ ಸಂಭವ ತಾಯಿಯ 20ನೆಯ ವಯಸ್ಸಿನಲ್ಲಿ ಸುಮಾರು 1,480ರಲ್ಲಿ ಒಂದು. 30ರಲ್ಲಿ 940ರಲ್ಲಿ ಒಂದು. 35ರಲ್ಲಿ 353ರಲ್ಲಿ ಒಂದು. 40ರಲ್ಲಿ 85ರಲ್ಲಿ ಒಂದು. ಈ ಅಂಕಿಗಳನ್ನು ನೋಡಿ ಭಯಪಡುವ ಅಗತ್ಯವಿಲ್ಲ. 40ನೆಯ ವಯಸ್ಸಿನಲ್ಲಿಯೂ ಅಂತಹ 85 ಶಿಶುಗಳಲ್ಲಿ 84ಕ್ಕೆ ಈ ಸ್ಥಿತಿ ಇರುವುದಿಲ್ಲ. ಆದರೆ ಗರ್ಭಿಣಿಯು ಬೇಗನೆ ವೈದ್ಯರಲ್ಲಿ ಹೆಸರು ನೋಂದಾಯಿಸಿ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದಕ್ಕೆ ಇದು ಸಾಕಾದ ಕಾರಣ.

ಇಪ್ಪತ್ತರಿಂದ ಮೂವತ್ತರ ಆರಂಭದವರೆಗಿನ ಆರೋಗ್ಯವಂತ ದಂಪತಿಗಳಲ್ಲಿ ಪ್ರತಿ ಋತುಚಕ್ರದಲ್ಲಿ ಗರ್ಭಧಾರಣೆಯ ಸಂಭವ ನಾಲ್ಕರಲ್ಲಿ ಒಂದು. 32ರ ಸುಮಾರಿಗೆ ಇದು ನಿಧಾನವಾಗಿ ಇಳಿಯತೊಡಗಿ 37ರ ನಂತರ ವೇಗವಾಗಿ ಇಳಿಯುತ್ತದೆ. 40ರ ವೇಳೆಗೆ ಹತ್ತರಲ್ಲಿ ಒಂದು. 35 ವರ್ಷವೆಂಬುದು ಬಾಗಿಲು ಮುಚ್ಚುವ ದಿನವಲ್ಲ. ಇಳಿಜಾರು ಅಲ್ಲಿಂದ ಕಡಿದಾಗುತ್ತ ಹೋಗುತ್ತದೆ ಎಂದಷ್ಟೇ ಅರ್ಥ. ಭಾರತದಲ್ಲಿ ಸ್ತ್ರೀಯರಿಗೆ ಸರಾಸರಿ 46-47ರ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು 51ರ ಆಸುಪಾಸು. ವಿದೇಶಗಳಲ್ಲಿ 45ರ ನಂತರ ತಾಯಿಯಾದವರ ಸುದ್ದಿಯನ್ನು ಓದುವಾಗ ಈ ಅಂತರವನ್ನು ನೆನಪಿಡುವುದು ಒಳ್ಳೆಯದು. ಅಂತಹ ಅನೇಕ ಪ್ರಕರಣಗಳಲ್ಲಿ ದಾನಿಯ ಅಂಡಾಣು ಬಳಕೆಯಾಗಿರುತ್ತದೆ ಎಂಬುದು ಸುದ್ದಿಯಲ್ಲಿ ಬರುವುದಿಲ್ಲ.

ಮುಟ್ಟು ಕ್ರಮಬದ್ಧವಾಗಿದ್ದ ಮಾತ್ರಕ್ಕೆ ಸಂತಾನಶಕ್ತಿ ಕುಗ್ಗಿಲ್ಲವೆಂದು ಹೇಳಲಾಗದು. ಮುಟ್ಟು ಸಂಪೂರ್ಣವಾಗಿ ನಿಲ್ಲುವುದಕ್ಕೆ ಅನೇಕ ವರ್ಷ ಮೊದಲೇ ಗರ್ಭಧಾರಣೆಯ ಸಾಮರ್ಥ್ಯ ಬಹುಮಟ್ಟಿಗೆ ಇಳಿದಿರುತ್ತದೆ.

4. ಪುರುಷರಲ್ಲಿ ಹಾರ್ಮೋನುಗಳು ಹೇಗೆ ಕೆಲಸ ಮಾಡುತ್ತವೆ?

ಪುರುಷರಲ್ಲಿಯೂ ಅದೇ ಪಿಟ್ಯುಟರಿ, ಅದೇ ಎರಡು ಹಾರ್ಮೋನುಗಳು. ಎಲ್‌ಎಚ್ ವೃಷಣಗಳಲ್ಲಿ ಟೆಸ್ಟೊಸ್ಟಿರಾನ್ ಉತ್ಪಾದನೆಗೆ ಪ್ರೇರಣೆ ನೀಡುತ್ತದೆ. ಎಫ್‌ಎಸ್‌ಎಚ್ ವೀರ್ಯಾಣುಗಳ ಉತ್ಪಾದನೆಗೆ ನೆರವಾಗುತ್ತದೆ. ಒಂದು ವೀರ್ಯಾಣು ಸಿದ್ಧವಾಗಲು ಸುಮಾರು 74 ದಿನ ಬೇಕು. ಆದ್ದರಿಂದ ತೀವ್ರ ಜ್ವರ, ಔಷಧ ಅಥವಾ ದುಶ್ಚಟದ ಪರಿಣಾಮವು ಎರಡು ಮೂರು ತಿಂಗಳ ನಂತರ ಕಾಣಿಸಿಕೊಳ್ಳಬಹುದು. ದುಶ್ಚಟ ಬಿಟ್ಟಾಗಿನ ಪ್ರಯೋಜನವೂ ಅಷ್ಟೇ ತಡವಾಗಿ ಕಾಣುತ್ತದೆ.

ಮುಖ್ಯ ಎಚ್ಚರಿಕೆ: ದೇಹದಾರ್ಢ್ಯಕ್ಕಾಗಿ ವ್ಯಾಯಾಮಶಾಲೆಗಳಲ್ಲಿ ವೈದ್ಯರ ಸಲಹೆಯಿಲ್ಲದೆ ಟೆಸ್ಟೊಸ್ಟಿರಾನ್ ಅಥವಾ ಸ್ಟೆರಾಯ್ಡ್ ಚುಚ್ಚುಮದ್ದು ತೆಗೆದುಕೊಳ್ಳುವವರುಂಟು. "ಪುರುಷತ್ವ ಹೆಚ್ಚುತ್ತದೆ" ಎಂಬ ಭಾವನೆಯಿಂದ ತೆಗೆದುಕೊಳ್ಳುವ ಈ ಔಷಧವೇ ವೀರ್ಯಾಣುಗಳ ಉತ್ಪಾದನೆಯನ್ನು ನಿಲ್ಲಿಸುತ್ತದೆ. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿಯು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಬಿಡುವುದನ್ನು ಕಡಿಮೆ ಮಾಡುತ್ತದೆ, ವೃಷಣಗಳು ಸೊರಗುತ್ತವೆ, ವೀರ್ಯಾಣುಗಳ ಸಂಖ್ಯೆ ಶೂನ್ಯಕ್ಕೂ ಇಳಿಯಬಹುದು. ನಿಲ್ಲಿಸಿದ ನಂತರ ಚೇತರಿಕೆಗೆ ಹಲವು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಮಗು ಬಯಸುವ ಪುರುಷರು ಇದನ್ನು ಬಳಸತಕ್ಕದ್ದಲ್ಲ. ಈಗಾಗಲೇ ಬಳಸಿದ್ದರೆ ವೈದ್ಯರಲ್ಲಿ ಮುಚ್ಚಿಡದೆ ತಿಳಿಸತಕ್ಕದ್ದು.

5. ಪುರುಷರಲ್ಲಿ ವಯಸ್ಸಿನ ಪರಿಣಾಮ

ಪುರುಷರಲ್ಲಿ ಸ್ತ್ರೀಯರಂತೆ ನಿಶ್ಚಿತ ವಯಸ್ಸಿಗೆ ಸಂತಾನಶಕ್ತಿ ನಿಲ್ಲುವುದಿಲ್ಲ. ಆದರೆ "ಗಂಡಸಿಗೆ ವಯಸ್ಸಿನ ಮಿತಿಯೇ ಇಲ್ಲ" ಎಂಬ ಮಾತು ಸರಿಯಲ್ಲ. 30-40ರ ನಂತರ ಟೆಸ್ಟೊಸ್ಟಿರಾನ್ ಮಟ್ಟವು ವರ್ಷಕ್ಕೆ ಸುಮಾರು ಶೇಕಡಾ 1ರಂತೆ ಇಳಿಯುತ್ತದೆ. 40-45ರ ನಂತರ ವೀರ್ಯದ ಪ್ರಮಾಣ ಹಾಗೂ ವೀರ್ಯಾಣುಗಳ ಚಲನೆ ಕುಗ್ಗುತ್ತವೆ, ಅವುಗಳ ವಂಶವಾಹಿ ಎಳೆಗಳಲ್ಲಿ ಹಾನಿ ಹೆಚ್ಚುತ್ತದೆ. ವೀರ್ಯಾಣುಗಳನ್ನು ಉತ್ಪಾದಿಸುವ ಜೀವಕೋಶಗಳು ಜೀವಮಾನವಿಡೀ ವಿಭಜನೆಗೊಳ್ಳುತ್ತಿರುವುದರಿಂದ, ವಯಸ್ಸಾದಂತೆ ಹೊಸ ವಂಶವಾಹಿ ವ್ಯತ್ಯಾಸಗಳು ಕೂಡಿಕೊಳ್ಳುತ್ತವೆ. ತಂದೆಯ ವಯಸ್ಸು ಹೆಚ್ಚಾದಾಗ ಗರ್ಭಪಾತದ ಸಂಭವವೂ, ಮಗುವಿನಲ್ಲಿ ಆಟಿಸಂ ಹಾಗೂ ಕೆಲವು ಅಪರೂಪದ ವಂಶವಾಹಿ ಕಾಯಿಲೆಗಳ ಸಂಭವವೂ ಸ್ವಲ್ಪ ಮಟ್ಟಿಗೆ ಹೆಚ್ಚುತ್ತವೆ ಎಂದು ಅಧ್ಯಯನಗಳು ತೋರಿಸಿವೆ.

6. ಹಾರ್ಮೋನುಗಳ ಏರುಪೇರಿಗೆ ಸಾಮಾನ್ಯ ಕಾರಣಗಳು

ಅ) ಥೈರಾಯ್ಡ್ ದೋಷ: ಥೈರಾಯ್ಡ್ ಕಡಿಮೆಯಾದರೆ ಮುಟ್ಟು ಏರುಪೇರಾಗಿ ಅಂಡಾಣು ಬಿಡುಗಡೆ ತಪ್ಪಬಹುದು, ಗರ್ಭಪಾತದ ಸಂಭವವೂ ಹೆಚ್ಚು. ರಕ್ತದ ಟಿಎಸ್‌ಎಚ್ ಪರೀಕ್ಷೆಯಿಂದ ತಿಳಿಯುತ್ತದೆ. ದಿನಕ್ಕೊಂದು ಮಾತ್ರೆಯಿಂದ ಹತೋಟಿಗೆ ಬರುತ್ತದೆ.

ಆ) ಪಿಸಿಓಎಸ್: ಮುಟ್ಟು ತಡವಾಗುವುದು, ಮುಖದಲ್ಲಿ ಕೂದಲು, ಮೊಡವೆ, ತೂಕ ಹೆಚ್ಚಳ ಇದರ ಲಕ್ಷಣಗಳು. ಪುರುಷ ಹಾರ್ಮೋನು ಹಾಗೂ ಇನ್ಸುಲಿನ್ ಹೆಚ್ಚಾಗಿ ಅಂಡಾಣು ಸಕಾಲದಲ್ಲಿ ಬಿಡುಗಡೆಯಾಗುವುದಿಲ್ಲ. ತೂಕ ಹೆಚ್ಚಿರುವವರು ಶೇಕಡಾ 5ರಿಂದ 10ರಷ್ಟು ತೂಕ ಇಳಿಸಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. ಪಿಸಿಓಎಸ್ ಇದ್ದವರಿಗೆ ಮಕ್ಕಳಾಗುವುದಿಲ್ಲ ಎಂಬುದು ನಿಜವಲ್ಲ.

ಇ) ಪ್ರೊಲ್ಯಾಕ್ಟಿನ್ ಹೆಚ್ಚಳ: ಹಾಲೂಡಿಸದ ಸ್ತ್ರೀಯರಲ್ಲಿ ಹಾಲು ಒಸರುವುದು, ಮುಟ್ಟು ನಿಲ್ಲುವುದು ಲಕ್ಷಣಗಳು. ಪುರುಷರಲ್ಲಿಯೂ ಆಸಕ್ತಿ ಮತ್ತು ವೀರ್ಯಾಣು ಕುಗ್ಗಬಹುದು. ಔಷಧದಿಂದ ಗುಣವಾಗುತ್ತದೆ.

ಈ) ಸ್ಥೂಲಕಾಯ ಮತ್ತು ಮಧುಮೇಹ: ಪುರುಷರಲ್ಲಿ ಹೆಚ್ಚಿನ ಕೊಬ್ಬು ಟೆಸ್ಟೊಸ್ಟಿರಾನನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಹತೋಟಿಯಲ್ಲಿಲ್ಲದ ಮಧುಮೇಹ ಇಬ್ಬರಿಗೂ ಹಾನಿಕರ.

ಹಾರ್ಮೋನಿಗೆ ಸಂಬಂಧಿಸದ ಕಾರಣಗಳನ್ನೂ ಕಡೆಗಣಿಸುವಂತಿಲ್ಲ. ಭಾರತದಲ್ಲಿ ಜನನಾಂಗಗಳ ಕ್ಷಯವು ಗರ್ಭನಾಳ ಮುಚ್ಚಿಹೋಗಲು ಒಂದು ಮುಖ್ಯ ಕಾರಣ. ಕ್ಷಯಕ್ಕೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ದೊರೆಯುತ್ತದೆ. ಎಂಡೊಮೆಟ್ರಿಯೋಸಿಸ್, ಪುರುಷರಲ್ಲಿ ವೃಷಣದ ಸುತ್ತ ರಕ್ತನಾಳಗಳು ಉಬ್ಬುವುದು, ಪ್ರಾಯಕ್ಕೆ ಬಂದ ನಂತರ ಮಂಗಬಾವು ಬಂದು ವೃಷಣಕ್ಕೆ ತಗಲಿರುವುದು ಇತರ ಕಾರಣಗಳು.

7. ಉದ್ಯೋಗ ಮತ್ತು ಜೀವನಕ್ರಮ

ಹೊರವರ್ತುಲ ರಸ್ತೆಯ ಬೆಳ್ಳಂದೂರು, ದೇವರಬೀಸನಹಳ್ಳಿ, ಕಾಡುಬೀಸನಹಳ್ಳಿ ಭಾಗಗಳ ಕಚೇರಿಗಳಲ್ಲಿ ವಿದೇಶಗಳ ವೇಳೆಗೆ ಹೊಂದಿಕೊಂಡು ರಾತ್ರಿಪಾಳಿ ನಡೆಯುತ್ತದೆ. ಪಾಳಿಗಳು ಪದೇ ಪದೇ ಬದಲಾಗುವುದರಿಂದ ನಿದ್ರೆ ಕೆಟ್ಟು, ಅದರೊಂದಿಗೆ ಹೊಂದಿಕೊಂಡಿರುವ ಹಾರ್ಮೋನುಗಳ ಲಯವೂ ಕೆಡುತ್ತದೆ. ಕೆಲವರಲ್ಲಿ ಮುಟ್ಟು ಏರುಪೇರಾಗುತ್ತದೆ. ಸಾಧ್ಯವಿದ್ದಲ್ಲಿ ಒಂದೇ ಪಾಳಿಯನ್ನು ದೀರ್ಘಕಾಲ ಕೇಳಿ ಪಡೆಯುವುದು, ಹಗಲಿನಲ್ಲಿ ಕತ್ತಲೆ ಕೋಣೆಯಲ್ಲಿ 7 ಗಂಟೆ ನಿದ್ರಿಸುವುದು ಉಪಯುಕ್ತ.

ವೃಷಣಗಳು ಶರೀರದ ಉಷ್ಣಾಂಶಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಇದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕೆಲಸ ಮಾಡುವವರು, ಕುಲುಮೆ, ಎರಕದ ಮನೆ, ಬಾಯ್ಲರ್ ಹಾಗೂ ಬೇಕರಿ ಒಲೆಗಳ ಮುಂದೆ ದುಡಿಯುವವರು ಇದನ್ನು ಗಮನಿಸಬೇಕು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಡುವುದು, ಕೆಲಸದ ನಡುವೆ ಎದ್ದು ಓಡಾಡುವುದು, ಸಡಿಲ ಹತ್ತಿಯ ಒಳ ಉಡುಪು ಧರಿಸುವುದು ಸುಲಭ ಮುಂಜಾಗ್ರತೆಗಳು. ಸೀಸ, ಕೀಟನಾಶಕ ಮತ್ತು ಕೆಲವು ದ್ರಾವಕಗಳ ಸಂಪರ್ಕದಲ್ಲಿರುವ ಕಾರ್ಮಿಕರು ಒದಗಿಸಲಾದ ಮುಖಗವಸು ಹಾಗೂ ಕೈಗವಸುಗಳನ್ನು ತಪ್ಪದೆ ಬಳಸಬೇಕು, ಮನೆಗೆ ಹೋಗುವ ಮುನ್ನ ಬಟ್ಟೆ ಬದಲಿಸಬೇಕು.

ಧೂಮಪಾನವು ಅಂಡಾಣುಗಳನ್ನು ಬೇಗ ಕುಗ್ಗಿಸಿ, ಮುಟ್ಟನ್ನು ಒಂದೆರಡು ವರ್ಷ ಮೊದಲೇ ನಿಲ್ಲಿಸಬಲ್ಲದು. ವೀರ್ಯಾಣುಗಳಿಗೂ ಹಾನಿಕರ. ಗರ್ಭ ಬಯಸುವ ಸ್ತ್ರೀಯರು ಒಂದೆರಡು ತಿಂಗಳು ಮೊದಲಿನಿಂದಲೇ ವೈದ್ಯರ ಸಲಹೆಯಂತೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸುವುದು ಶಿಶುವಿನ ಬೆನ್ನುಹುರಿಯ ದೋಷಗಳನ್ನು ತಡೆಯುತ್ತದೆ.

8. ವೈದ್ಯರನ್ನು ಯಾವಾಗ ಕಾಣಬೇಕು?

- ಪತ್ನಿಯ ವಯಸ್ಸು 35ಕ್ಕಿಂತ ಕಡಿಮೆ ಇದ್ದಲ್ಲಿ: ಒಂದು ವರ್ಷ ಪ್ರಯತ್ನಿಸಿದ ನಂತರ
- 35 ಅಥವಾ ಅದಕ್ಕಿಂತ ಹೆಚ್ಚು ಇದ್ದಲ್ಲಿ: ಆರು ತಿಂಗಳು ಪ್ರಯತ್ನಿಸಿದ ನಂತರ
- 40 ದಾಟಿದ್ದಲ್ಲಿ: ತಡಮಾಡದೆ

ಮುಟ್ಟು ಬಹಳ ಏರುಪೇರಾಗಿದ್ದರೆ, ಮುಟ್ಟಿನಲ್ಲಿ ತೀವ್ರ ನೋವಿದ್ದರೆ, ಎರಡು ಅಥವಾ ಹೆಚ್ಚು ಗರ್ಭಪಾತಗಳಾಗಿದ್ದರೆ, ಕ್ಷಯ ಅಥವಾ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ, ಪತಿಗೆ ವೃಷಣದ ಶಸ್ತ್ರಚಿಕಿತ್ಸೆಯಾಗಿದ್ದರೆ ಮೇಲಿನ ಅವಧಿ ಕಾಯಬೇಕಾಗಿಲ್ಲ. ಕ್ಯಾನ್ಸರ್ ಚಿಕಿತ್ಸೆ ಆರಂಭಿಸಬೇಕಾದ ಯುವಜನರು ಅಂಡಾಣು ಅಥವಾ ವೀರ್ಯಾಣು ಸಂಗ್ರಹದ ಬಗ್ಗೆ ಚಿಕಿತ್ಸೆಗೆ ಮೊದಲೇ ವೈದ್ಯರನ್ನು ವಿಚಾರಿಸತಕ್ಕದ್ದು.

ಮೊದಲ ಸಲಹೆಗೆ ಸಮೀಪದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ಗೆ ಹೋಗಬಹುದು. ಮುಂದಿನ ತಪಾಸಣೆಗೆ ವಾಣಿವಿಲಾಸ ಆಸ್ಪತ್ರೆಯಂತಹ ಬೋಧನಾ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗಗಳಿವೆ. ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟವರು ತಮ್ಮ ಇಎಸ್‌ಐ ಚಿಕಿತ್ಸಾಲಯದ ಮೂಲಕ ಹೋಗತಕ್ಕದ್ದು.

9. ಪರೀಕ್ಷೆಗಳು

ಪತಿಗೆ: ವೀರ್ಯ ಪರೀಕ್ಷೆ. 2ರಿಂದ 7 ದಿನ ಸಂಯಮದ ನಂತರ ಮಾದರಿ ನೀಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಕನಿಷ್ಠ ಸೂಚಿ ಮಿತಿಗಳು: ಪ್ರಮಾಣ 1.4 ಮಿಲಿಲೀಟರ್; ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು. ಒಟ್ಟು ಚಲನೆ ಶೇಕಡಾ 42. ಸಹಜ ಆಕಾರ ಶೇಕಡಾ 4. ಒಂದು ವರದಿಯಲ್ಲಿ ಕೊರತೆ ಕಂಡುಬಂದರೆ ಕೆಲವು ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸದೆ ತೀರ್ಮಾನಕ್ಕೆ ಬರಲಾಗದು.

ಪತ್ನಿಗೆ: ಮುಟ್ಟಿನ 2 ಅಥವಾ 3ನೆಯ ದಿನ ಎಫ್‌ಎಸ್‌ಎಚ್, ಮುಂದಿನ ಮುಟ್ಟಿಗೆ ಒಂದು ವಾರ ಮೊದಲು ಪ್ರೊಜೆಸ್ಟರಾನ್, ಯಾವುದೇ ದಿನ ಟಿಎಸ್‌ಎಚ್ ಹಾಗೂ ಎಎಂಎಚ್, ಸ್ಕ್ಯಾನಿಂಗ್, ಅಗತ್ಯವಿದ್ದಲ್ಲಿ ಗರ್ಭನಾಳಗಳು ತೆರೆದಿವೆಯೇ ಎಂಬ ಎಕ್ಸ್‌ರೇ. ಎಎಂಎಚ್ ಪರೀಕ್ಷೆಯು ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜು ನೀಡುತ್ತದೆ. ಗುಣಮಟ್ಟವನ್ನಾಗಲಿ, ಸಹಜವಾಗಿ ಗರ್ಭ ನಿಲ್ಲುವುದೋ ಇಲ್ಲವೋ ಎಂಬುದನ್ನಾಗಲಿ ಹೇಳುವುದಿಲ್ಲ. ಈ ಒಂದೇ ಅಂಕಿಯನ್ನು ನೋಡಿ ಗಾಬರಿಯಿಂದ ದುಬಾರಿ ಚಿಕಿತ್ಸೆಗೆ ಒಪ್ಪಿಕೊಳ್ಳಬಾರದು.

ವೀರ್ಯ ಪರೀಕ್ಷೆಯು ಸರಳ, ನೋವಿಲ್ಲದ, ಕಡಿಮೆ ಖರ್ಚಿನ ಪರೀಕ್ಷೆ. ಆದರೂ ಸಂಕೋಚದಿಂದ ಪತಿಯು ಇದನ್ನು ಮುಂದೂಡುವುದು, ಅಷ್ಟರಲ್ಲಿ ಪತ್ನಿಗೆ ಒಂದರ ಮೇಲೊಂದು ಚಿಕಿತ್ಸೆ ನಡೆಯುವುದು ಸಾಮಾನ್ಯವಾಗಿದೆ. ಉದಾಹರಣೆಗೆ, 34ರ ಪತ್ನಿ ಎರಡು ವರ್ಷ ಮಾತ್ರೆ, ಚುಚ್ಚುಮದ್ದು ಪಡೆದ ಮೇಲೆ ಪತಿಯ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವೆಂದು ತಿಳಿದುಬಂದರೆ, ಆ ಎರಡು ವರ್ಷಗಳು ಹಾಗೂ ಆಕೆ ಕೇಳಿಸಿಕೊಂಡ ಮಾತುಗಳು ಎರಡೂ ಹಿಂದಿರುಗಿ ಬರುವುದಿಲ್ಲ. ಪತಿಯ ವೀರ್ಯ ಪರೀಕ್ಷೆಯ ವರದಿ ಬರುವವರೆಗೆ ಪತ್ನಿಗೆ ಯಾವುದೇ ಶಸ್ತ್ರಚಿಕಿತ್ಸೆಗೆ ಒಪ್ಪದಿರುವುದು ಉತ್ತಮ.

10. ಚಿಕಿತ್ಸೆ ಮತ್ತು ಅಂಡಾಣು ಸಂಗ್ರಹ

ಅನೇಕರಿಗೆ ಥೈರಾಯ್ಡ್ ಮಾತ್ರೆ, ತೂಕ ಇಳಿಕೆ, ಅಂಡಾಣು ಬಿಡುಗಡೆಗೆ ಔಷಧ, ಕ್ಷಯದ ಚಿಕಿತ್ಸೆ ಇಷ್ಟರಿಂದಲೇ ಫಲ ದೊರೆಯುತ್ತದೆ. ಸಾಲದಿದ್ದಲ್ಲಿ ವೀರ್ಯವನ್ನು ಶುದ್ಧೀಕರಿಸಿ ಗರ್ಭಕೋಶಕ್ಕೆ ಸೇರಿಸುವ ಐಯುಐ, ಅದರ ನಂತರ ಪ್ರನಾಳ ಶಿಶು ವಿಧಾನವಾದ ಐವಿಎಫ್ ಇವೆ. ಈ ವಿಧಾನದಿಂದ ಜಗತ್ತಿನ ಮೊದಲ ಮಗು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿತು; ಅವರ ಸಾಧನೆಗೆ ಮನ್ನಣೆ ದೊರೆತದ್ದು ಅವರ ಮರಣಾನಂತರ. 1986ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡ ಯಶಸ್ವಿಯಾಯಿತು. ಬೆಂಗಳೂರಿನಲ್ಲಿ ಈ ಕ್ಷೇತ್ರವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಡಾ. ಕಾಮಿನಿ ರಾವ್ ಅವರಿಗೆ 2014ರಲ್ಲಿ ಪದ್ಮಶ್ರೀ ಲಭಿಸಿತು.

ಐವಿಎಫ್ ವಯಸ್ಸನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಮುಚ್ಚಿದ ಗರ್ಭನಾಳವನ್ನು ಅದು ದಾಟಬಲ್ಲದು, ಕಡಿಮೆ ವೀರ್ಯಾಣುಗಳಿಂದಲೂ ಭ್ರೂಣ ರೂಪಿಸಬಲ್ಲದು. ಆದರೆ ಅಂಡಾಣುವಿನ ವಯಸ್ಸನ್ನು ಬದಲಿಸಲಾರದು. 40 ದಾಟಿದ ನಂತರ ಸ್ವಂತ ಅಂಡಾಣುವಿನಿಂದ ಯಶಸ್ಸಿನ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಅಂಡಾಣು ಸಂಗ್ರಹವನ್ನು 35ರೊಳಗೆ ಮಾಡಿಸಿದರೆ ಫಲ ಹೆಚ್ಚು; ಆದರೂ ಅದು ಒಂದು ಅವಕಾಶವೇ ಹೊರತು ಮಗುವಿನ ಖಾತರಿಯಲ್ಲ. ನೆರವಿನ ಸಂತಾನೋತ್ಪತ್ತಿ ಅಧಿನಿಯಮವು 21 ವರ್ಷ ಮೀರಿದ ಅವಿವಾಹಿತ ಮಹಿಳೆಯರಿಗೂ ಈ ಸೇವೆಗಳನ್ನು ಪಡೆಯಲು ಅವಕಾಶ ನೀಡುತ್ತದೆ.

11. ಕಾನೂನಿನ ವಯೋಮಿತಿ

ನೆರವಿನ ಸಂತಾನೋತ್ಪತ್ತಿ ಅಧಿನಿಯಮ ಮತ್ತು ಬಾಡಿಗೆ ತಾಯ್ತನ (ನಿಯಂತ್ರಣ) ಅಧಿನಿಯಮಗಳೆರಡೂ 2022ರ ಜನವರಿ 25ರಿಂದ ಜಾರಿಯಲ್ಲಿವೆ. ಇವುಗಳಂತೆ ವಯೋಮಿತಿ:

- ಐವಿಎಫ್ ಮುಂತಾದ ಸೇವೆಗಳಿಗೆ: ಸ್ತ್ರೀ 21ರ ಮೇಲೆ, 50ರ ಒಳಗೆ, ಪುರುಷ 21ರ ಮೇಲೆ, 55ರ ಒಳಗೆ
- ಅಂಡಾಣು ದಾನಿ: 23ರಿಂದ 35, ವೀರ್ಯ ದಾನಿ: 21ರಿಂದ 55
- ಬಾಡಿಗೆ ತಾಯ್ತನ ಬಯಸುವ ದಂಪತಿ: ಪತ್ನಿ 23ರಿಂದ 50, ಪತಿ 26ರಿಂದ 55
- ಬಾಡಿಗೆ ತಾಯ್ತನ ಬಯಸುವ ವಿಧವೆ ಅಥವಾ ವಿಚ್ಛೇದಿತೆ: 35ರಿಂದ 45
- ಬಾಡಿಗೆ ತಾಯಿ: 25ರಿಂದ 35; ವಿವಾಹವಾಗಿದ್ದು ಸ್ವಂತ ಮಗು ಇರತಕ್ಕದ್ದು

ಅಂಡಾಣು ದಾನಿಯು ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. "ಬಾಡಿಗೆ" ಎಂಬ ಪದ ರೂಢಿಯಲ್ಲಿದ್ದರೂ, ವೈದ್ಯಕೀಯ ವೆಚ್ಚ, ವಿಮೆ ಹಾಗೂ ನಿಯಮಿತ ವೆಚ್ಚಗಳ ಹೊರತು ಯಾವುದೇ ಹಣ ಕೊಡುವುದನ್ನು ಕಾನೂನು ನಿಷೇಧಿಸಿದೆ.

ವಯೋಮಿತಿಯ ಪ್ರಶ್ನೆ ನಮ್ಮ ರಾಜ್ಯದಲ್ಲಿಯೇ ನ್ಯಾಯಾಲಯದ ಮುಂದೆ ಬಂದಿದೆ. ಪ್ರಾಯಕ್ಕೆ ಬಂದ ಪುತ್ರನನ್ನು ಕಳೆದುಕೊಂಡ ದಂಪತಿಗಳ ಪ್ರಕರಣದಲ್ಲಿ ಪತಿಯ ವಯಸ್ಸು 55 ಮೀರಿತ್ತು. 2023ರ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ವಂಶವಾಹಿ, ದೈಹಿಕ ಹಾಗೂ ಆರ್ಥಿಕ ಎಂಬ ಮೂರು ಪರೀಕ್ಷೆಗಳ ಆಧಾರದಲ್ಲಿ ಅವರ ಅರ್ಜಿಯನ್ನು ಪರಿಗಣಿಸಲು ನಿರ್ದೇಶಿಸಿತು. ಅನಂತರ 2025ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಾಯ್ದೆ ಜಾರಿಗೆ ಬರುವ ಮೊದಲೇ ಭ್ರೂಣಗಳನ್ನು ಸಂಗ್ರಹಿಸಿಟ್ಟು ಬಾಡಿಗೆ ತಾಯ್ತನದ ಪ್ರಕ್ರಿಯೆ ಆರಂಭಿಸಿದ್ದ ದಂಪತಿಗಳಿಗೆ ಈ ವಯೋಮಿತಿ ಅನ್ವಯಿಸುವುದಿಲ್ಲ ಎಂದು ತೀರ್ಪು ನೀಡಿತು. ಇವು ವಿಶೇಷ ಸಂದರ್ಭಗಳು. ಸಾಮಾನ್ಯ ಅರ್ಜಿದಾರರು ವಯೋಮಿತಿ ಸಡಿಲವಾಗುತ್ತದೆ ಎಂದು ಭಾವಿಸಿ ಕಾಯತಕ್ಕದ್ದಲ್ಲ.

ದತ್ತು ಸ್ವೀಕಾರಕ್ಕೂ ವಯೋಮಿತಿ ಇದೆ. 2022ರ ದತ್ತು ನಿಯಮಾವಳಿಯಂತೆ ಎರಡು ವರ್ಷದೊಳಗಿನ ಮಗುವಿಗೆ ದಂಪತಿಗಳ ವಯಸ್ಸುಗಳ ಒಟ್ಟು ಮೊತ್ತ 85 ಮೀರಬಾರದು. ಮಗು ದೊಡ್ಡದಾದಂತೆ ಈ ಮಿತಿ ಹೆಚ್ಚುತ್ತದೆ. ಐವಿಎಫ್‌ನಲ್ಲಿ ವರ್ಷಗಳನ್ನು ಕಳೆದು ದತ್ತು ಅರ್ಜಿ ಸಲ್ಲಿಸುವ ವೇಳೆಗೆ ಎಳೆಯ ಮಗುವಿಗೆ ಅರ್ಹತೆ ತಪ್ಪಿರುವ ಸಾಧ್ಯತೆ ಇರುವುದರಿಂದ, ಎರಡೂ ದಾರಿಗಳನ್ನು ಮೊದಲೇ ಆಲೋಚಿಸುವುದು ಸೂಕ್ತ.

12. ಚಿಕಿತ್ಸಾಲಯ ಆಯ್ಕೆ ಮಾಡುವಾಗ

- ಕೇಂದ್ರವು ಕಾಯ್ದೆಯಂತೆ ನೋಂದಣಿಯಾಗಿದೆಯೇ ಎಂದು ನೋಂದಣಿ ಪತ್ರ ಕೇಳಿ ನೋಡಿರಿ. ನೋಂದಣಿಯ ಅವಧಿ ಐದು ವರ್ಷ. ಒಂದನೆಯ ಹಂತದ ಕೇಂದ್ರದಲ್ಲಿ ಐಯುಐ ಮಾತ್ರ ಮಾಡಬಹುದು. ಐವಿಎಫ್‌ಗೆ ಎರಡನೆಯ ಹಂತದ ಕೇಂದ್ರವೇ ಆಗಬೇಕು.
- ನಿಮ್ಮ ವಯಸ್ಸಿನವರಲ್ಲಿ ಯಶಸ್ಸಿನ ಸಂಭವ, ಅಪಾಯ ಹಾಗೂ ಒಟ್ಟು ವೆಚ್ಚವನ್ನು ಆಪ್ತಸಲಹೆಯಲ್ಲಿ ತಿಳಿಸುವುದು ಕೇಂದ್ರದ ಕರ್ತವ್ಯ.
- ಸಮ್ಮತಿ ಪತ್ರವನ್ನು ಓದಿ ಅರ್ಥಮಾಡಿಕೊಂಡ ನಂತರವೇ ಸಹಿ ಮಾಡಿರಿ. ಅರ್ಥವಾಗದಿದ್ದಲ್ಲಿ ಕನ್ನಡದಲ್ಲಿ ವಿವರಿಸಲು ಕೇಳಿರಿ.
- ಚಿಕಿತ್ಸೆಯ ನಂತರ ನಡೆಸಿದ ವಿಧಾನದ ವಿವರಗಳುಳ್ಳ ಬಿಡುಗಡೆ ಪತ್ರ ಪಡೆಯಿರಿ.
- ದೂರುಗಳಿದ್ದಲ್ಲಿ ಪ್ರತಿ ಕೇಂದ್ರದಲ್ಲಿಯೂ ಇರತಕ್ಕ ಕುಂದುಕೊರತೆ ಕೋಶಕ್ಕೆ ಲಿಖಿತವಾಗಿ ಸಲ್ಲಿಸಿರಿ.
- ಭ್ರೂಣದ ಲಿಂಗ ಆಯ್ಕೆ ಅಥವಾ ಪತ್ತೆ ಶಿಕ್ಷಾರ್ಹ ಅಪರಾಧ. ಅಂತಹ ಭರವಸೆ ನೀಡುವ ಕೇಂದ್ರವನ್ನು ದೂರವಿಡಿರಿ.

ಸಿದ್ಧವಿಟ್ಟುಕೊಳ್ಳಬೇಕಾದ ದಾಖಲೆಗಳು: ಇಬ್ಬರ ಆಧಾರ್ ಮತ್ತು ವಯಸ್ಸಿನ ದಾಖಲೆ, ವಿವಾಹ ನೋಂದಣಿ ಪತ್ರ, ಹಿಂದಿನ ಎಲ್ಲ ತಪಾಸಣಾ ವರದಿಗಳು. ಬಾಡಿಗೆ ತಾಯ್ತನಕ್ಕೆ ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಪಾಲಕತ್ವದ ಬಗ್ಗೆ ನ್ಯಾಯಾಲಯದ ಆದೇಶ, ಬಾಡಿಗೆ ತಾಯಿಗೆ 36 ತಿಂಗಳ ವಿಮೆ ಹಾಗೂ ಅರ್ಹತಾ ಪತ್ರಗಳು ಬೇಕು. ಆಧಾರ್, ಶಾಲಾ ದಾಖಲೆ ಮತ್ತು ವಿವಾಹ ಪತ್ರದಲ್ಲಿ ಹೆಸರು ಅಥವಾ ಜನ್ಮದಿನಾಂಕ ಬೇರೆ ಬೇರೆ ಇದ್ದಲ್ಲಿ ಮೊದಲೇ ಸರಿಪಡಿಸಿಕೊಳ್ಳಿರಿ. ವಯೋಮಿತಿಯ ಅಂಚಿನಲ್ಲಿರುವವರಿಗೆ ಈ ವಿಳಂಬವೇ ಮುಳುವಾಗಬಹುದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೊದಲ ಮಗು ಸುಲಭವಾಗಿ ಆಗಿದೆ. ಎರಡನೆಯದಕ್ಕೂ ತಪಾಸಣೆ ಬೇಕೇ?
ಉತ್ತರ: ಅವಧಿಯ ನಿಯಮ ಅದೇ. ಮೊದಲ ಮಗುವಿನ ನಂತರ ಇಬ್ಬರ ವಯಸ್ಸೂ ಹೆಚ್ಚಿರುತ್ತದೆ. ಹೊಸ ಕಾರಣಗಳೂ ಸೇರಿರಬಹುದು.

ಪ್ರಶ್ನೆ: ಪತಿಗೆ ದಾಂಪತ್ಯ ಸಾಮರ್ಥ್ಯ ಚೆನ್ನಾಗಿದೆ. ಆದರೂ ವೀರ್ಯ ಪರೀಕ್ಷೆ ಬೇಕೇ?
ಉತ್ತರ: ಬೇಕು. ಸಾಮರ್ಥ್ಯಕ್ಕೂ ವೀರ್ಯಾಣುಗಳ ಸಂಖ್ಯೆಗೂ ನೇರ ಸಂಬಂಧವಿಲ್ಲ.

ಪ್ರಶ್ನೆ: ಆಯುಷ್ಮಾನ್ ಕಾರ್ಡ್‌ನಲ್ಲಿ ಐವಿಎಫ್ ದೊರೆಯುತ್ತದೆಯೇ?
ಉತ್ತರ: ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಸಂತಾನಹೀನತೆಗೆ ಸಂಬಂಧಿಸಿದ ವಿಧಾನಗಳು ಸೇರಿಲ್ಲ. ಖಾಸಗಿ ವಿಮೆ ಇದ್ದವರು ಪಾಲಿಸಿಯ ಷರತ್ತುಗಳನ್ನು ಓದಿ ನೋಡಬೇಕು.

ಪ್ರಶ್ನೆ: ಹರಕೆ, ನಾಟಿ ಔಷಧ ಪ್ರಯತ್ನಿಸಿದ ಮೇಲೆ ವೈದ್ಯರಲ್ಲಿಗೆ ಹೋಗಬಹುದೇ?
ಉತ್ತರ: ನಂಬಿಕೆ ಅವರವರಿಗೆ ಸೇರಿದ್ದು. ಆದರೆ ಅದಕ್ಕಾಗಿ ತಪಾಸಣೆ ಮುಂದೂಡುವುದು ಬೇಡ. ಅಂಶಗಳು ತಿಳಿಯದ ಔಷಧಗಳಲ್ಲಿ ಸೀಸ ಅಥವಾ ಸ್ಟೆರಾಯ್ಡ್ ಇರುವ ಸಂಭವವುಂಟು.

ಪ್ರಶ್ನೆ: ಐವಿಎಫ್‌ನಿಂದ ಜನಿಸಿದ ಮಗುವಿನ ಹಕ್ಕುಗಳೇನು?
ಉತ್ತರ: ಕಾಯ್ದೆಯಂತೆ ಆ ಮಗುವು ದಂಪತಿಗಳ ಸ್ವಂತ ಮಗುವೇ. ಸಹಜ ಮಗುವಿಗಿರುವ ಎಲ್ಲ ಹಕ್ಕುಗಳೂ ಇರುತ್ತವೆ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇರುವುದಿಲ್ಲ.

ನಾಗರಿಕರ ಗಮನಕ್ಕೆ

ಈ ಪುಟದ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ವೈದ್ಯರ ಸಲಹೆಗೆ ಪರ್ಯಾಯವಲ್ಲ. ಮಗು ಬಯಸುವ ದಂಪತಿಗಳು ಮೊದಲ ಭೇಟಿಗೆ ಇಬ್ಬರೂ ಒಟ್ಟಿಗೆ ಹೋಗಬೇಕೆಂದು ಕೋರಲಾಗಿದೆ. ಮನೆಯ ಹಿರಿಯರು ಸೊಸೆಯೊಬ್ಬಳನ್ನೇ ಪ್ರಶ್ನಿಸುವುದನ್ನು ಬಿಟ್ಟು, ಮಗ ಸೊಸೆ ಇಬ್ಬರನ್ನೂ ಸಕಾಲದಲ್ಲಿ ವೈದ್ಯರಲ್ಲಿಗೆ ಕಳುಹಿಸಿದರೆ ಅದೇ ದೊಡ್ಡ ಸಹಾಯ.